ಲಾಕ್‌ಡೌನ್ ಜಗಳದ ಬುಡದಲ್ಲಿ ಗಾಳಿಯ ಪ್ರಶ್ನೆಯಿದೆ

ಲಾಕ್‌ಡೌನ್ ಬೇಕೇ ಬೇಕಿತ್ತು ಎನ್ನುವ ನೀವು, ಅದು ಶುದ್ಧ ಅನ್ಯಾಯ ಎನ್ನುವ ನಿಮ್ಮ ಅಣ್ಣ. ಇಷ್ಟು ವರ್ಷಗಳ ಮೇಲೂ ಮಾತು ಅಲ್ಲಿಗೆ ಬಂದರೆ ಮನೆಯಲ್ಲಿ ಜಗಳ ಎಂದು ಬರೆದಿದ್ದೀರಿ. “ವೈರಸ್ ಗಾಳಿಯಲ್ಲಿ ಹರಡುವುದಿಲ್ಲ ಎಂದವರೇ ಆಮೇಲೆ ಹರಡುತ್ತದೆ ಎಂದರು. ಅಂಥವರು ಮಾಡಿದ ನಿಯಮವನ್ನು ಯಾಕೆ ಒಪ್ಪಬೇಕಿತ್ತು?” ಎಂದು ಅಣ್ಣ ಕೇಳಿದಾಗ ನಿಮ್ಮಲ್ಲಿ ಉತ್ತರವಿರಲಿಲ್ಲ. ಅದನ್ನೇ ಇಲ್ಲಿ ಕೇಳಿದ್ದೀರಿ.

ನಾನು ವೈದ್ಯನಲ್ಲ. ಕಟ್ಟಡದೊಳಗೆ ಎಷ್ಟು ಗಾಳಿ ಬರಬೇಕು, ಎಲ್ಲಿಂದ ಬರಬೇಕು, ಎಲ್ಲಿ ಹೊರಹೋಗಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಈ ಜಗಳದ ಬುಡ ನನ್ನ ವೃತ್ತಿಯಲ್ಲೇ ಇರುವುದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಅಣ್ಣನ ದೂರಿನಲ್ಲಿ ಹುರುಳಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಅದನ್ನೇ ಹಿಡಿದುಕೊಂಡು ಲಾಕ್‌ಡೌನ್ ಬೇಡವೇ ಬೇಡವಾಗಿತ್ತು ಎನ್ನುವುದನ್ನು ನಾನು ಒಪ್ಪುವುದಿಲ್ಲ.

2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ, ಕೋವಿಡ್ ಗಾಳಿಯಿಂದ ಹರಡುವ ರೋಗವಲ್ಲ, ಇದು ಸತ್ಯಾಂಶ ಎಂದು ಟ್ವಿಟರ್‌ನಲ್ಲಿ ಸಾರಿತು. ಅದರಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಸುಳ್ಳೆಂದು ಗೊತ್ತಿದ್ದೇ ಹೇಳಿದರು ಎಂದು ನಾನು ಭಾವಿಸುವುದಿಲ್ಲ. ಅವರು ನೆಚ್ಚಿಕೊಂಡದ್ದು ವೈದ್ಯಕೀಯ ಪಠ್ಯಗಳಲ್ಲಿ ದಶಕಗಳಿಂದ ನಡೆದು ಬಂದ ಒಂದು ವಿಂಗಡಣೆಯನ್ನು. ಕೆಮ್ಮಿದಾಗ, ಸೀನಿದಾಗ ಸಿಡಿಯುವ ಹನಿಗಳು ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ. 5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಮಾತ್ರ ತೇಲುತ್ತವೆ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಹಾಗೆ ತೇಲಿ ಹರಡುವುದು ಕ್ಷಯ, ದಡಾರದಂಥ ಬೆರಳೆಣಿಕೆಯ ರೋಗಗಳು ಮಾತ್ರ ಎಂಬುದು ಆ ವಿಂಗಡಣೆ.

ನನ್ನಂಥ ಕೆಲಸದವರಿಗೆ ಈ 5 ಮೈಕ್ರಾನ್‌ನ ಗೆರೆ ಮೊದಲಿನಿಂದಲೂ ಅರ್ಥವಾಗದ ಸಂಗತಿ. ಅಷ್ಟು ಗಾತ್ರದ ಕಣ ಮನುಷ್ಯನ ಬಾಯಿಯ ಎತ್ತರದಿಂದ ನೆಲ ಮುಟ್ಟಬೇಕಾದರೆ ಗಾಳಿ ಅಲುಗಾಡದ ಕೋಣೆಯಲ್ಲೂ ಅರ್ಧ ಗಂಟೆ ಹಿಡಿಯುತ್ತದೆ. ಅದರ ಹಲವು ಪಟ್ಟು ದೊಡ್ಡ ಕಣವೂ ಫ್ಯಾನ್ ತಿರುಗುವ ಕೋಣೆಯಲ್ಲಿ ಆರಾಮವಾಗಿ ತೇಲಿಕೊಂಡು ಹೋಗುತ್ತದೆ. ಕೆಲವೇ ಕ್ಷಣಗಳಲ್ಲಿ ನೆಲಕ್ಕೆ ಬೀಳಬೇಕಾದರೆ ಕಣ 100 ಮೈಕ್ರಾನ್‌ನಷ್ಟು ದೊಡ್ಡದಿರಬೇಕು. ಇದು 1930ರ ದಶಕದಲ್ಲಿಯೇ ಅಮೆರಿಕದ ವಿಲಿಯಂ ವೆಲ್ಸ್ ತೋರಿಸಿಕೊಟ್ಟ ವಿಷಯ. ಹಾಗಾದರೆ 5 ಎಲ್ಲಿಂದ ಬಂತು? ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು, ಅಂದರೆ ಏರೋಸಾಲ್‌ಗಳನ್ನು, ಅಧ್ಯಯನ ಮಾಡುವ ವಿಜ್ಞಾನಿ ಲಿನ್ಸಿ ಮಾರ್, ಕೇಟಿ ರಾಂಡಲ್ ಎಂಬ ಸಂಶೋಧಕಿ ಮತ್ತು ಅವರ ಸಂಗಡಿಗರು ಸಾಂಕ್ರಾಮಿಕದ ನಡುವೆಯೇ ಹಳೆಯ ದಾಖಲೆಗಳನ್ನು ಕೆದಕಿ ಇದರ ಜಾಡು ಹಿಡಿದರು. ಕ್ಷಯದ ಸೂಕ್ಷ್ಮಾಣು ಶ್ವಾಸಕೋಶದ ಆಳಕ್ಕೆ ಇಳಿದರಷ್ಟೇ ಸೋಂಕು ತಗಲುತ್ತದೆ. ಅಷ್ಟು ಆಳಕ್ಕೆ ಇಳಿಯಲು ಕಣ 5 ಮೈಕ್ರಾನ್‌ಗಿಂತ ಸಣ್ಣದಿರಬೇಕು. ಆಳಕ್ಕೆ ಇಳಿಯುವ ಅಳತೆ, ಗಾಳಿಯಲ್ಲಿ ತೇಲುವ ಅಳತೆ ಇವೆರಡೂ ಎಲ್ಲೋ ಬೆರೆತುಹೋಗಿ, ಕ್ಷಯಕ್ಕೆ ಹೊಂದುವ ಸಂಖ್ಯೆ ಎಲ್ಲ ರೋಗಗಳಿಗೂ ಅನ್ವಯವಾಗಿಬಿಟ್ಟಿತ್ತು.

ಇದರ ಹಿಂದೆ ಇನ್ನೂ ಹಳೆಯದೊಂದು ಕಥೆಯಿದೆ. ಕೆಟ್ಟ ಗಾಳಿಯಿಂದಲೇ ರೋಗ ಬರುತ್ತದೆ ಎಂಬ ಪುರಾತನ ನಂಬಿಕೆಯನ್ನು ತೊಡೆದುಹಾಕಲು ಸಾರ್ವಜನಿಕ ಆರೋಗ್ಯದವರು ತುಂಬಾ ಹೆಣಗಿದ್ದರು. 1854ರಲ್ಲಿ ಜಾನ್ ಸ್ನೋ ಎಂಬ ವೈದ್ಯರು ಲಂಡನ್ನಿನ ಕಾಲರಾ ನೀರಿನಿಂದ ಹರಡುತ್ತಿದೆ ಎಂದು ತೋರಿಸಿದಾಗಲೂ ಅವರ ಎದುರು ನಿಂತದ್ದು ಇದೇ ನಂಬಿಕೆ. 1910ರ ಹೊತ್ತಿಗೆ ಅಮೆರಿಕದ ಆರೋಗ್ಯಾಧಿಕಾರಿ ಚಾರ್ಲ್ಸ್ ಚೇಪಿನ್, ರೋಗಗಳು ಮುಖ್ಯವಾಗಿ ಸಮೀಪದ ಸಂಪರ್ಕದಿಂದ ಹರಡುತ್ತವೆ, ಗಾಳಿಯಿಂದ ಅಲ್ಲ ಎಂದು ಬಲವಾಗಿ ವಾದಿಸಿದರು. ಗಾಳಿಯ ಭಯ ಹುಟ್ಟಿದರೆ ಜನ ಸ್ವಚ್ಛತೆಯನ್ನೇ ಕೈಬಿಟ್ಟಾರು ಎಂಬ ಕಳವಳವೂ ಅವರಿಗಿತ್ತು. ಮುಂದೆ ವೆಲ್ಸ್ ಮತ್ತು ರಿಚರ್ಡ್ ರೈಲಿ 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರಿನ ಆಸ್ಪತ್ರೆಯೊಂದರ ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಹಾಯಿಸಿ ಗಿನಿಯಿಲಿಗಳ ಪಂಜರಗಳಿಗೆ ಕಳುಹಿಸಿದರು. ರೋಗಿಗಳ ಹತ್ತಿರಕ್ಕೂ ಬಾರದ ಆ ಪ್ರಾಣಿಗಳಿಗೆ ಕ್ಷಯ ತಗಲಿತು. ಇಷ್ಟು ನೇರವಾದ ಪುರಾವೆ ಸಿಕ್ಕಿದ ಮೇಲೂ ಗಾಳಿಯ ಹಾದಿ ಕ್ಷಯದಂಥ ಕೆಲವಕ್ಕೆ ಮಾತ್ರ ಮೀಸಲಾಗಿ ಉಳಿಯಿತು.

2020ಕ್ಕೆ ಮರಳೋಣ. ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಗಾಯನ ತಂಡದ 61 ಮಂದಿ ಎರಡೂವರೆ ಗಂಟೆ ಹಾಡಿನ ಅಭ್ಯಾಸ ನಡೆಸಿದರು. ಸೋಂಕಿನ ಲಕ್ಷಣಗಳಿದ್ದವರು ಅವರಲ್ಲಿ ಒಬ್ಬರೇ. ಕೆಲವೇ ದಿನಗಳಲ್ಲಿ ಅಲ್ಲಿದ್ದವರಲ್ಲಿ 53 ಜನರಿಗೆ ಖಚಿತ ಅಥವಾ ಸಂಭಾವ್ಯ ಸೋಂಕು ದಾಖಲಾಯಿತು, ಇಬ್ಬರು ತೀರಿಕೊಂಡರು. ಕೆಮ್ಮಿನ ಹನಿಯಾಗಲಿ ಬಾಗಿಲ ಹಿಡಿಯಾಗಲಿ ಒಬ್ಬರಿಂದ ಅಷ್ಟು ಜನರನ್ನು ಒಂದೇ ಸಂಜೆಯಲ್ಲಿ ತಲುಪುವುದು ಹೇಗೆ ಎಂದು ನಾನು ಎಷ್ಟು ಲೆಕ್ಕ ಹಾಕಿದರೂ ಹೊಂದಲಿಲ್ಲ. ಮುಚ್ಚಿದ ಕೋಣೆಯಲ್ಲಿ ಒಬ್ಬ ಸಿಗರೇಟು ಸೇದಿದರೆ ಹೊಗೆ ಮೂಲೆಯವನ ಮೂಗಿಗೂ ಹೇಗೆ ಹೋಗುತ್ತದೋ ಹಾಗೆ ಹರಡಿದರೆ ಮಾತ್ರ ಲೆಕ್ಕ ಹೊಂದುತ್ತದೆ. ಆ ಏಪ್ರಿಲ್ ಆರಂಭದಲ್ಲಿಯೇ ಏರೋಸಾಲ್ ವಿಜ್ಞಾನಿ ಲಿಡಿಯಾ ಮೊರಾವ್‌ಸ್ಕಾ ನೇತೃತ್ವದಲ್ಲಿ 36 ವಿಜ್ಞಾನಿಗಳು ವಿಶ್ವ ಆರೋಗ್ಯ ಸಂಸ್ಥೆಯ ಮುಂದೆ ಇದನ್ನು ಹೇಳಿದರು. ಜುಲೈಯಲ್ಲಿ 239 ಮಂದಿ ಬಹಿರಂಗ ಪತ್ರವನ್ನೇ ಬರೆದರು. ಅದಾದ ಮೇಲೆ, ಕಿಕ್ಕಿರಿದ, ಗಾಳಿಯಾಡದ ಜಾಗಗಳಲ್ಲಿ ಗಾಳಿಯ ಮೂಲಕ ಹರಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬಷ್ಟು ಮಾತು ಸಂಸ್ಥೆಯಿಂದ ಬಂತು. ಸ್ಪಷ್ಟ ಮಾತಿಗೆ 2021 ಬರಬೇಕಾಯಿತು, ಅದೂ ಜಾಲತಾಣದ ಪುಟಗಳಲ್ಲಿ ಸದ್ದಿಲ್ಲದೆ. ಅಲ್ಲಿನ ಮುಖ್ಯ ವಿಜ್ಞಾನಿಯಾಗಿದ್ದ ಸೌಮ್ಯಾ ಸ್ವಾಮಿನಾಥನ್ 2022ರಲ್ಲಿ ಹುದ್ದೆ ಬಿಡುವಾಗ, ಇದನ್ನು ಬಹಳ ಮೊದಲೇ ಹೇಳಬೇಕಿತ್ತು ಎಂದು ಒಪ್ಪಿಕೊಂಡರು. ಅವರ ಮೇಲೆ ನನಗೆ ಗೌರವ ಹೆಚ್ಚಿತು. ಆದರೆ “ಹರಡುವುದಿಲ್ಲ” ಎಂದು ಸಾರಿದಷ್ಟೇ ಗಟ್ಟಿಯಾಗಿ “ನಾವು ಹೇಳಿದ್ದು ಸರಿಯಿರಲಿಲ್ಲ” ಎಂದು ಸಕಾಲದಲ್ಲಿ ಸಾರಬೇಕಿತ್ತು. ಹೊಸ ಪುರಾವೆ ಬಂದಾಗ ಮಾತು ಬದಲಾಗುವುದು ವಿಜ್ಞಾನದಲ್ಲಿ ಸಹಜ. ಬದಲಾದದ್ದನ್ನು ಜನರಿಂದ ಮುಚ್ಚಿಟ್ಟಂತೆ ನಡೆದುಕೊಂಡದ್ದೇ ನಿಮ್ಮ ಅಣ್ಣನಂಥ ಎಷ್ಟೋ ಜನರನ್ನು ದೂರ ತಳ್ಳಿತು.

ತಪ್ಪು ದಾರಿಯನ್ನು ನಂಬಿದ್ದರ ಫಲ ನಿಯಮಗಳಲ್ಲಿ ಕಂಡಿತು. ಸೋಂಕು ಅತಿ ಕಡಿಮೆ ಹರಡುವ ಬಯಲುಗಳನ್ನೇ ಹಲವು ದೇಶಗಳು ಮುಚ್ಚಿದವು: ಉದ್ಯಾನಗಳು, ಕಡಲತೀರಗಳು, ಮಕ್ಕಳ ಆಟದ ಜಾಗಗಳು. ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲೆಮೆಂಟೆಯಲ್ಲಿ ಹುಡುಗರು ಸ್ಕೇಟಿಂಗ್ ಮಾಡಬಾರದೆಂದು ಬಯಲಿನ ಸ್ಕೇಟಿಂಗ್ ಅಂಕಣಕ್ಕೆ ಮರಳು ತುಂಬಿಸಿದರು. ಒಳಗೆ ಮಾತ್ರ ಜನ ಎರಡು ಮೀಟರ್ ಅಂತರದ ಗುರುತಿನ ಮೇಲೆ ನಿಂತು, ಗಾಳಿಯಾಡದ ಕೋಣೆಯಲ್ಲಿ ಗಂಟೆಗಟ್ಟಲೆ ಒಂದೇ ಗಾಳಿಯನ್ನು ಹಂಚಿಕೊಂಡರು. ಮುಟ್ಟಿದ್ದನ್ನೆಲ್ಲ ಒರೆಸಲು ಲೆಕ್ಕವಿಲ್ಲದಷ್ಟು ಹಣ ಹೋಯಿತು; ಸೋಂಕಿರುವ ವಸ್ತುವನ್ನು ಒಮ್ಮೆ ಮುಟ್ಟಿದರೆ ಸೋಂಕು ತಗಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳಿತು. ಆ ದಿನಗಳಲ್ಲಿ ಕಟ್ಟಡಗಳ ಮಾಲೀಕರು ನನ್ನನ್ನು ಕರೆದು ಕೇಳುತ್ತಿದ್ದದ್ದು ಮೇಜುಗಳ ನಡುವೆ ಪ್ಲಾಸ್ಟಿಕ್ ಹಾಳೆ ನಿಲ್ಲಿಸುವ ಬಗ್ಗೆ. ಆ ಹಾಳೆಗಳು ಗಾಳಿಯ ಓಡಾಟಕ್ಕೇ ಅಡ್ಡ ಬರಬಹುದು, ಅದರ ಬದಲು ಹೊರಗಿನ ಗಾಳಿಯ ಪ್ರಮಾಣ ಹೆಚ್ಚಿಸಿ, ಒಳ್ಳೆಯ ಫಿಲ್ಟರ್ ಹಾಕಿಸಿ ಎಂದರೆ “ನಿಯಮದಲ್ಲಿ ಅದು ಇಲ್ಲವಲ್ಲ” ಎನ್ನುತ್ತಿದ್ದರು. ನಿಜಕ್ಕೂ ಇರಲಿಲ್ಲ. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

ಜಪಾನ್ ಮಾತ್ರ 2020ರ ಮಾರ್ಚ್‌ನಲ್ಲಿಯೇ ಜನರಿಗೆ ಬೇರೆ ಮಾತು ಹೇಳಿತ್ತು: ಮುಚ್ಚಿದ ಜಾಗ, ಕಿಕ್ಕಿರಿದ ಜಾಗ, ಮುಖಾಮುಖಿ ಮಾತಿನ ಜಾಗ, ಈ ಮೂರನ್ನು ತಪ್ಪಿಸಿ. ಸೋಂಕಿತರಲ್ಲಿ ಸಣ್ಣ ಪಾಲಿನವರಿಂದಲೇ ಹೆಚ್ಚಿನ ಹರಡುವಿಕೆ ಆಗುತ್ತದೆ, ಅದೂ ಇಂಥ ಜಾಗಗಳಲ್ಲಿ ಎಂದು ಅಲ್ಲಿನ ವೈರಾಣು ತಜ್ಞ ಹಿತೋಶಿ ಓಶಿತಾನಿ ಮತ್ತು ಅವರ ಜೊತೆಗಾರರು ಆರಂಭದ ಪ್ರಕರಣಗಳನ್ನು ಬೆನ್ನುಹತ್ತಿಯೇ ಗುರುತಿಸಿದ್ದರು.

ಹಾಗಾದರೆ ಲಾಕ್‌ಡೌನ್? ನಾನು ಅದನ್ನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ರೋಗ ಯಾವ ದಾರಿಯಲ್ಲಿ ಬರುತ್ತಿದೆ ಎಂದು ಗೊತ್ತಿಲ್ಲದಾಗ ಎಲ್ಲ ದಾರಿಗಳನ್ನೂ ಮುಚ್ಚುವ ಉಪಾಯ ಅದು. ಹನಿಯಿಂದ ಹರಡಲಿ, ಗಾಳಿಯಿಂದ ಹರಡಲಿ, ಜನ ಸೇರದಿದ್ದರೆ ಹರಡುವುದು ಇಳಿಯುತ್ತದೆ. 2020ರ ಜನವರಿ 23ರಂದು ವುಹಾನ್, ಮಾರ್ಚ್ 9ರಂದು ಇಟಲಿ ಅದನ್ನು ಮಾಡಿದಾಗ ಲಸಿಕೆ ಇರಲಿಲ್ಲ, ಸಾಕಷ್ಟು ಪರೀಕ್ಷೆ ಇರಲಿಲ್ಲ, ಇಟಲಿಯ ಲೊಂಬಾರ್ಡಿ ಪ್ರಾಂತ್ಯದ ತೀವ್ರ ನಿಗಾ ಘಟಕಗಳು ತುಂಬಿ ತುಳುಕುತ್ತಿದ್ದವು. ಇನ್ನೊಂದು ತೊಡಕೂ ಇತ್ತು. ಕೋವಿಡ್ ವೈರಸ್ಸಿನ ಹತ್ತಿರದ ಸಂಬಂಧಿಯಿಂದ ಬಂದ 2003ರ ಸಾರ್ಸ್ ರೋಗದಲ್ಲಿ ರೋಗಿ ಮಲಗಿದ ಮೇಲೆಯೇ ಸೋಂಕು ಹೆಚ್ಚು ಹರಡುತ್ತಿತ್ತು, ಕಾಯಿಲೆ ಬಿದ್ದವರನ್ನು ಬೇರೆ ಇಟ್ಟರೆ ಅದು ನಿಂತಿತು. ಕೋವಿಡ್ ಲಕ್ಷಣ ಕಾಣಿಸುವ ಮೊದಲೇ ಹರಡತೊಡಗುತ್ತಿತ್ತು. ಯಾರನ್ನು ಬೇರೆ ಇಡುವುದು? ಆ ಮೊದಲ ವಾರಗಳ ಮಟ್ಟಿಗೆ ನಾನು ನಿಮ್ಮ ಪಕ್ಷ.

ಆದರೆ ಅದು ಸಮಯ ಕೊಳ್ಳುವ ಉಪಾಯ, ಕೊಂಡ ಸಮಯಕ್ಕೆ ಲೆಕ್ಕ ಕೊಡಬೇಕು. ದಾರಿ ಯಾವುದೆಂದು ತಿಳಿಯುತ್ತ ಹೋದಂತೆ ಮುಚ್ಚುವುದೂ ಕಿರಿದಾಗುತ್ತ ಹೋಗಬೇಕಿತ್ತು. ಮೊದಲು ಬಯಲು ತೆರೆಯಬೇಕಿತ್ತು, ಆಮೇಲೆ ಗಾಳಿ ಸರಿಪಡಿಸಿದ ಶಾಲೆಗಳು. ಆದದ್ದೇನು? 2021ರ ಮಾರ್ಚ್ ಹೊತ್ತಿಗೆ 16.8 ಕೋಟಿ ಮಕ್ಕಳ ಪಾಲಿಗೆ ಶಾಲೆ ಬಹುಮಟ್ಟಿಗೆ ಇಡೀ ವರ್ಷ ಮುಚ್ಚಿತ್ತು ಎಂದು ಯುನಿಸೆಫ್ ತಿಳಿಸಿತು. ಒಂದು ವರ್ಷ ಖಾಲಿ ಬಿದ್ದ ತರಗತಿಗಳಲ್ಲಿ ಎಷ್ಟಕ್ಕೆ ಸರಿಯಾದ ಕಿಟಕಿ, ಎಷ್ಟಕ್ಕೆ ಒಂದು ಏರ್ ಫಿಲ್ಟರ್ ಬಂತು ಎಂದು ಯಾರೂ ಕೇಳಲಿಲ್ಲ. ಇಲ್ಲಿ ನಾನು ಅಣ್ಣನ ಪಕ್ಷ. ನಿಯಮ ಮಾಡಿದವರೇ ಅದನ್ನು ಮುರಿದದ್ದೂ ಸಣ್ಣ ಗಾಯವಲ್ಲ. ಬ್ರಿಟನ್ನಿನ ಪ್ರಧಾನಿ ಬೋರಿಸ್ ಜಾನ್ಸನ್ ತಮ್ಮದೇ ಸರ್ಕಾರದ ನಿಯಮ ಮುರಿದದ್ದಕ್ಕೆ 2022ರಲ್ಲಿ ದಂಡ ಕಟ್ಟಿದರು. ಸಾಯುತ್ತಿರುವ ತಾಯಿಯ ಕೈ ಹಿಡಿಯಲಾಗದೆ ಹೊರಗೆ ನಿಂತವರಿಗೆ ಅದು ಎಷ್ಟು ಉರಿದಿರಬೇಕು!

ಅಣ್ಣ ಬಹುಶಃ ಲಾಕ್‌ಡೌನ್ ವಿರೋಧಿಸಿದ ಕೆಲವು ವಿಜ್ಞಾನಿಗಳ ಗ್ರೇಟ್ ಬ್ಯಾರಿಂಗ್ಟನ್ ಘೋಷಣೆಯ ಮಾತೆತ್ತಬಹುದು. 2020ರ ಅಕ್ಟೋಬರ್ 4ರಂದು ಬಂದ ಆ ಘೋಷಣೆ, ವೃದ್ಧರನ್ನೂ ಅಶಕ್ತರನ್ನೂ ಕಾಪಾಡಿ, ಉಳಿದವರು ಎಂದಿನಂತೆ ಬದುಕಲಿ ಎಂದಿತು. ಹತ್ತೇ ದಿನಗಳಲ್ಲಿ ಅದನ್ನು ವಿರೋಧಿಸಿ ಬೇರೆ ವಿಜ್ಞಾನಿಗಳ ಹೇಳಿಕೆ ಬಂತು, ಮೇಲೆ ಹೇಳಿದ ಜಾನ್ ಸ್ನೋ ಅವರ ಹೆಸರಿನಲ್ಲಿ. ಲಾಕ್‌ಡೌನಿನ ನೋವು ಬಡವರ ಮೇಲೆ ಹೆಚ್ಚು ಬಿತ್ತು ಎಂಬ ಘೋಷಣೆಯ ಮಾತು ನಿಜ. ಆದರೆ ಒಂದೇ ಮನೆಯ ಗಾಳಿ ಉಸಿರಾಡುವ ಅಜ್ಜಿಯನ್ನು ಮೊಮ್ಮಗನಿಂದ ಬೇರೆ ಇಡುವುದು ಹೇಗೆ ಎಂಬುದಕ್ಕೆ ಅದರಲ್ಲಿ ಕೆಲಸಕ್ಕೆ ಬರುವ ಉತ್ತರವಿರಲಿಲ್ಲ. ಜೊತೆಗೆ ದಿನಾಂಕ ನೋಡಿ: ಬ್ರಿಟನ್ನಿನಲ್ಲಿ ಲಸಿಕೆ ಹಾಕಲು ಶುರುಮಾಡಿದ್ದು ಅದೇ ವರ್ಷದ ಡಿಸೆಂಬರ್ 8ರಂದು. ಎರಡು ತಿಂಗಳು ಕಾದರೆ ರಕ್ಷಣೆ ಸಿಗುವವರನ್ನು ಆಗಲೇ ಸೋಂಕಿಗೆ ಒಡ್ಡುವುದನ್ನು ನಾನು ಒಪ್ಪಲಾರೆ. 2020 ಮತ್ತು 2021ರಲ್ಲಿ ಜಗತ್ತಿನಲ್ಲಿ ಸಾಂಕ್ರಾಮಿಕದಿಂದ ಹೆಚ್ಚುವರಿಯಾಗಿ ಸತ್ತವರು ಸುಮಾರು 1.49 ಕೋಟಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಕಠಿಣ ಲಾಕ್‌ಡೌನ್ ಹೇರದ ಸ್ವೀಡನ್ನಿನ ಹೆಸರೂ ಬಂದೀತು. ಅದನ್ನು ಎರಡೂ ಪಕ್ಷದವರು ಅರ್ಧರ್ಧ ಓದಿಕೊಳ್ಳುತ್ತಾರೆ. 2020ರ ವಸಂತದಲ್ಲಿ ಅಲ್ಲಿ ನಾರ್ವೆ, ಫಿನ್ಲೆಂಡ್‌ಗಳಿಗಿಂತ ಬಹಳ ಹೆಚ್ಚು ಸಾವುಗಳಾದವು. ಮುಂದಿನ ವರ್ಷಗಳನ್ನೂ ಸೇರಿಸಿ ನೋಡಿದರೆ ಯುರೋಪಿನಲ್ಲಿ ಹೆಚ್ಚುವರಿ ಸಾವು ಕಡಿಮೆ ಇದ್ದ ದೇಶಗಳಲ್ಲಿ ಅದೂ ಒಂದು. ಅಲ್ಲಿನ ತನಿಖಾ ಆಯೋಗ 2022ರಲ್ಲಿ, ಒತ್ತಾಯಕ್ಕಿಂತ ಸಲಹೆಯನ್ನು ನಂಬಿದ್ದು ಒಟ್ಟಾರೆ ಸರಿ, ಆದರೆ ಆರಂಭದಲ್ಲಿ ಇನ್ನೂ ಬೇಗ, ಇನ್ನೂ ಬಲವಾದ ಕ್ರಮ ಬೇಕಿತ್ತು ಎಂದಿತು.

ಇನ್ನು ಅಣ್ಣನ ಜೊತೆ ಹೇಗೆ ಮಾತಾಡಲಿ ಎಂದು ಕೇಳಿದ್ದೀರಿ. “ಲಾಕ್‌ಡೌನ್ ಸರಿಯೋ ತಪ್ಪೋ” ಎಂದು ಕೇಳಬೇಡಿ. ಯಾವ ತಿಂಗಳಿನದು, ಯಾವ ಜಾಗದ್ದು, ಆಗ ಏನು ಗೊತ್ತಿತ್ತು ಎಂದು ಬಿಡಿಸಿ ಕೇಳಿ. ಮೊದಲ ಮಾರ್ಚ್‌ನ ಬಗ್ಗೆ ಅವರು ಸ್ವಲ್ಪ ಬಾಗಿಯಾರು, ಬೀಗ ಹಾಕಿದ ಉದ್ಯಾನದ ಬಗ್ಗೆ ನೀವು ಬಾಗಬೇಕಾಗುತ್ತದೆ. ಆಮೇಲೆ ನಿಮ್ಮಿಬ್ಬರ ಕಚೇರಿಗೂ ಒಂದು ಕಾರ್ಬನ್ ಡೈಆಕ್ಸೈಡ್ ಮಾಪಕ ಒಯ್ದು ನೋಡಿ. ಬಯಲಿನಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ತೋರಿಸುತ್ತದೆ. ಜನ ತುಂಬಿದ ಕೋಣೆಯಲ್ಲಿ 1500 ತೋರಿಸಿತೆಂದರೆ, ನೀವು ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಸುಮಾರು ಶೇ 3ರಷ್ಟು ಅಲ್ಲಿದ್ದವರು ಬಿಟ್ಟ ಉಸಿರೇ. ಕಟ್ಟಡಗಳ ಗಾಳಿಗೆ ಮಾನದಂಡ ರೂಪಿಸುವ ಆ್ಯಶ್‌ರೇ ಸಂಸ್ಥೆ, ಸೋಂಕಿನ ಅಪಾಯವಿರುವಾಗ ತಲೆಗೆ ಎಷ್ಟು ಶುದ್ಧ ಗಾಳಿ ಬೇಕೆಂದು ಹೇಳುವ 241ನೇ ಮಾನದಂಡವನ್ನು 2023ರಲ್ಲಿ ಪ್ರಕಟಿಸಿದೆ. ಹೊರಗಿನ ಗಾಳಿ, ಫಿಲ್ಟರ್, ಅತಿನೇರಳೆ ದೀಪ, ಯಾವುದರಿಂದ ಬೇಕಾದರೂ ಆ ಪ್ರಮಾಣವನ್ನು ಮುಟ್ಟಬಹುದು. ಆದರೆ ಕಾನೂನಿನಲ್ಲಿ ಸೇರಿಸದ ಹೊರತು ಅದನ್ನು ಯಾವ ಕಟ್ಟಡದ ಮಾಲೀಕರೂ ಪಾಲಿಸಬೇಕಾಗಿಲ್ಲ. ಅದನ್ನು ಸೇರಿಸಿ ಎಂದು ಬರೆಯುವ ಮನವಿಗೆ ನೀವೂ ಅಣ್ಣನೂ ಇಬ್ಬರೂ ಸಹಿ ಹಾಕಬಹುದು. ಲಾಕ್‌ಡೌನ್ ಮತ್ತೆಂದೂ ಬೇಡ ಎನ್ನುವವರಿಗೆ ಅದು ಹೆಚ್ಚು ಬೇಕಾದದ್ದು.