ಕ್ವಾರಿ ಯೋಜನೆಯ ಸಾರ್ವಜನಿಕ ಆಲಿಕೆಗೆ ಮುಂಚೆ ಊರಿನವರ ನಂಬಿಕೆ ಗಳಿಸುವುದು ಹೇಗೆ?

ಕಲ್ಲು ಕ್ವಾರಿಯೊಂದರ ಪರಿಸರ ಪರಿಣಾಮ ಅಧ್ಯಯನಕ್ಕಾಗಿ ಮನೆ ಮನೆ ಸುತ್ತುವ ಕೆಲಸಕ್ಕೆ ಹೊಸದಾಗಿ ಸೇರಿದ್ದೀರಿ. ಯೋಜನೆ ಬಗ್ಗೆ ಊರಿನವರ ಅಭಿಪ್ರಾಯ, ಆಕ್ಷೇಪ ಕೇಳುವ ಆಲಿಕೆ ಸಭೆಗೆ ಎರಡು ತಿಂಗಳಿದೆ. ಜನ ಬಾಗಿಲಲ್ಲೇ ನಿಲ್ಲಿಸಿ ಕಳಿಸ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಇದೇ ಕೆಲಸದಲ್ಲಿ ಹನ್ನೊಂದು ವರ್ಷ ಇದ್ದವನು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅವರು ನಿಮ್ಮನ್ನು ನಂಬದಿರುವುದರಲ್ಲಿ ತಪ್ಪೇನಿಲ್ಲ. ಅಧ್ಯಯನದ ಖರ್ಚು ಕೊಡುವುದು ಕ್ವಾರಿ ಮಾಡಲು ಹೊರಟವರೇ. ಅದು ಊರಿಗೆಲ್ಲ ಗೊತ್ತು. ಮೊದಲ ದಿನವೇ ನೀವೇ ಬಾಯಿಬಿಟ್ಟು ಹೇಳಿಬಿಡಿ: 'ನನಗೆ ಸಂಬಳ ಅಲ್ಲಿಂದ ಬರುತ್ತದೆ, ಆದರೆ ನೀವು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಬರೆದದ್ದನ್ನು ತಂದು ತೋರಿಸುತ್ತೇನೆ.' ಈ ಕೊನೆಯ ಮಾತನ್ನು ಉಳಿಸಿಕೊಳ್ಳುವುದರಲ್ಲೇ ಎಲ್ಲ ಇರುವುದು.

ನನಗೆ ಇದನ್ನು ಕಲಿಸಿದ್ದು ಬಯಲುಸೀಮೆಯ ಒಬ್ಬ ಅಜ್ಜ. ಆಗ ಮಾರ್ಚ್ ತಿಂಗಳು. ಗಾಳಿ, ನೀರು, ಸದ್ದಿನ ಮಾಹಿತಿಯನ್ನು ಮಳೆಗಾಲ ಬಿಟ್ಟು ಮೂರು ತಿಂಗಳು ತೆಗೆದರೆ ಸಾಕು ಅನ್ನುವುದು ನಮ್ಮಲ್ಲಿ ನಡೆದುಬಂದ ರೂಢಿ. ಜಾಗದ ಹತ್ತಿರ ನೀರಿನ ಮೂಲ ಯಾವುದೂ ಇಲ್ಲ ಅಂತ ಬರೆದುಕೊಂಡಿದ್ದೆ. ಅಜ್ಜ ಅದನ್ನು ಕೇಳಿ ಏನೂ ಹೇಳಲಿಲ್ಲ, 'ಬಾ ಮಗಾ' ಅಂತ ಕರೆದುಕೊಂಡು ಹೋದರು. ಹೊಂಗೆ ಮರಗಳ ನಡುವೆ ಒಂದು ತಗ್ಗು, ತಗ್ಗಿನ ತುಂಬ ನುಣುಪಾದ ಕಲ್ಲು. ಪಕ್ಕದ ಮುಳ್ಳುತಂತಿ ಬೇಲಿಗೆ ಮೊಣಕಾಲೆತ್ತರದಲ್ಲಿ ಒಣಹುಲ್ಲು, ಕಡ್ಡಿ, ಹರಿದ ಗೊಬ್ಬರದ ಚೀಲ ಸಿಕ್ಕಿಕೊಂಡಿದ್ದವು. 'ಇದನ್ನೆಲ್ಲ ಇಲ್ಲಿ ಯಾರು ತಂದು ಸಿಕ್ಕಿಸಿದ್ರು ಹೇಳು' ಅಂದರು. ಅದು ಹಳ್ಳ. ಮಳೆ ಬಂದರೆ ಕೆಳಗಿನ ಕೆರೆಗೆ ನೀರು ಬರುವುದೇ ಅಲ್ಲಿಂದ.

ಆಫೀಸಿನಲ್ಲಿ ಒಂದು ವಾರ ವಾದ ಮಾಡಿ ಆ ಹಳ್ಳವನ್ನು ನಕ್ಷೆಗೆ ಸೇರಿಸಿದೆ. ಆಮೇಲೆ ಆ ಒಂದು ಪುಟವನ್ನು ಕನ್ನಡದಲ್ಲಿ ಪ್ರಿಂಟ್ ಮಾಡಿಸಿಕೊಂಡು ಹೋಗಿ ಅರಳಿಕಟ್ಟೆ ಮೇಲೆ ಓದಿದೆ. ಅಜ್ಜ ಎರಡನೇ ಸಲ ಓದಿಸಿದರು. ಅವತ್ತಿನಿಂದ ಜನ ಮಾತಾಡಿದರು. ಬ್ಲಾಸ್ಟಿಂಗ್‌ಗೆ ಗೋಡೆ ಬಿರುಕು ಬಿಟ್ಟದ್ದು, ಸ್ಕೂಲ್ ಬಿಡುವ ಹೊತ್ತಿಗೇ ಟಿಪ್ಪರ್ ಓಡುವುದು, ರೇಷ್ಮೆ ಹುಳಕ್ಕೆ ಹಾಕುವ ಸೊಪ್ಪಿನ ಮೇಲೆ ಧೂಳು ಕೂರುವುದು. ಇದ್ಯಾವುದೂ ನನ್ನ ಪ್ರಶ್ನೆಪಟ್ಟಿಯಲ್ಲಿ ಇರಲಿಲ್ಲ.

ಲೆಕ್ಕ ತಪ್ಪಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದಕ್ಕೆ ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್ ನೋಡಿ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ರಸ್ತೆಗೆ ಹೊಸದಾಗಿ ಪರಿಣಾಮ ಅಧ್ಯಯನ ಮಾಡಿ ಅಂತ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ (ಬಿಡಿಎ) ಹೇಳಿತು. ವರದಿಗೆ ಬಳಸಿದ್ದ ಮಾಹಿತಿ ಹಳೆಯದಾಗಿತ್ತು. ರಸ್ತೆಗಾಗಿ ಕಡಿಯಬೇಕಾದ ಮರಗಳ ವಿಷಯ ಇನ್ನೂ ಗಂಭೀರ: ಮೊದಲು ನೂರರ ಲೆಕ್ಕದಲ್ಲಿ ಹೇಳಿದ್ದು ಆಮೇಲೆ 16 ಸಾವಿರ ದಾಟಿತ್ತು. ದಿನಾ ಆ ದಾರಿಯಲ್ಲಿ ಓಡಾಡುವವರಿಗೆ ಮರ ಎಷ್ಟಿವೆ ಅಂತ ಗೊತ್ತಿರುತ್ತದೆ, ಅಲ್ವಾ?

ಇನ್ನು ನಾನು ಕೆಡಿಸಿದ ಒಂದು ಸಭೆಯ ಬಗ್ಗೆಯೂ ಹೇಳಬೇಕು. 'ಊರಿನ ಹುಡುಗರಿಗೆ ಕೆಲಸ ಸಿಗುತ್ತದೆ' ಅಂತ ಮನೆ ಮನೆಯಲ್ಲಿ ಹೇಳಿಕೊಂಡು ಬಂದಿದ್ದೆ. ಆಲಿಕೆ ದಿನ ಒಬ್ಬ ಹುಡುಗ ಮೈಕ್ ಹಿಡಿದು 'ಎಷ್ಟು ಜನಕ್ಕೆ? ಏನು ಕೆಲಸ? ಎಷ್ಟು ಸಂಬಳ?' ಅಂತ ಕೇಳಿದ. ವೇದಿಕೆ ಮೇಲೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅಲ್ಲಿಂದ ಮುಂದೆ ಧೂಳಿನ ಬಗ್ಗೆ ನಾವು ಹೇಳಿದ ನಿಜವನ್ನೂ ಯಾರೂ ನಂಬಲಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಕೇಳಿಕೊಂಡು ಬಂದು ಹೇಳ್ತೀನಿ ಅಂದರೆ ಹೇಳಿದ ದಿನ ಹೋಗಿ.

ಕಾನೂನು ಏನು ಹೇಳುತ್ತದೆ ಅನ್ನುವುದನ್ನೂ ನೀವೇ ಜನರಿಗೆ ತಿಳಿಸಿ. ಪರಿಸರ ಪರಿಣಾಮ ಅಧ್ಯಯನದ ಬಗ್ಗೆ ಕೇಂದ್ರ ಸರ್ಕಾರ ಹೊರಡಿಸಿದ 2006ರ ಅಧಿಸೂಚನೆ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮುಂಚೆ ಪೇಪರಿನಲ್ಲಿ ನೋಟಿಸ್ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು, ಡಿಸಿ ಆಫೀಸು, ಪಂಚಾಯಿತಿಯಂಥ ಕಡೆ ಓದಲು ಸಿಗಬೇಕು. ಅದರ ಬದಲಿಗೆ ತರಲು ಸಿದ್ಧಪಡಿಸಿದ್ದ 2020ರ ಕರಡು ಈ 30 ದಿನವನ್ನು 20ಕ್ಕೆ ಇಳಿಸಲು ಹೊರಟಿತ್ತು. ನನ್ನ ಪ್ರಕಾರ 30 ದಿನವೇ ಕಡಿಮೆ. ನೂರಾರು ಪುಟದ ಇಂಗ್ಲಿಷ್ ವರದಿ ಕಪಾಟಿನಲ್ಲಿ ಇಟ್ಟರೆ ಯಾರಿಗೆ ಏನು ಗೊತ್ತಾಗುತ್ತದೆ? ಸಾರಾಂಶವನ್ನು ಸಂಜೆ ಹೊತ್ತು, ಕೆಲಸದಿಂದ ಬಂದ ಮೇಲೆ, ಕೇರಿ ಕೇರಿಯಲ್ಲಿ ಕೂತು ಓದಿ ಹೇಳಿ. ಸ್ವಸಹಾಯ ಸಂಘದ ಸಭೆಗೂ ಹೋಗಿ. ಶಾಮಿಯಾನದ ಕೆಳಗೆ, ಪೊಲೀಸರ ಮುಂದೆ ಮೈಕ್ ಹಿಡಿಯದ ಹೆಂಗಸರು ಅಲ್ಲಿ ಎಲ್ಲ ಹೇಳುತ್ತಾರೆ. ಆಕ್ಷೇಪವನ್ನು ಬರೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬಹುದು ಅಂತ ಅವರಿಗೆ ತಿಳಿಸಿ.

ಒಂದು ಕಹಿ ಮಾತನ್ನೂ ಮುಚ್ಚಿಡಬೇಡಿ. ಆಲಿಕೆ ಅಂದರೆ ವೋಟಿಂಗ್ ಅಲ್ಲ. ಊರೆಲ್ಲ ಬೇಡ ಅಂದರೂ ಅಷ್ಟಕ್ಕೇ ಯೋಜನೆ ನಿಲ್ಲುವುದಿಲ್ಲ. ಇಷ್ಟೇ ಜನ ಬರಬೇಕು ಅನ್ನುವ ನಿಯಮವೂ ಇಲ್ಲ. ಆದರೆ ಹೇಳಿದ್ದೆಲ್ಲ ದಾಖಲೆಯಾಗಬೇಕು, ವಿಡಿಯೋ ಆಗಬೇಕು, ಪ್ರತಿಯೊಂದಕ್ಕೂ ಅಂತಿಮ ವರದಿಯಲ್ಲಿ ಉತ್ತರ ಇರಬೇಕು. ಸಭೆಯ ಕೊನೆಗೆ ನಡಾವಳಿಯ ಸಾರಾಂಶವನ್ನು ಕನ್ನಡದಲ್ಲಿ ಓದಿ ಹೇಳಲೇಬೇಕು. ಊಟದ ಹೊತ್ತಾಯಿತು ಅಂತ ಜನ ಎದ್ದು ಹೋಗುವುದು ಆಗಲೇ. ಅಲ್ಲಿವರೆಗೂ ಕೂರಿ, ಬಿಟ್ಟುಹೋದದ್ದನ್ನು ಅಲ್ಲೇ ಹೇಳಿ ಬರೆಸಿ ಅಂತ ಮುಂಚೆಯೇ ತಿಳಿಸಿರಿ.

ನಿಮ್ಮ ಮೇಲಿನವರು ಜನ ಹೇಳಿದ್ದನ್ನು ಬರೆಯಲು ಬಿಡದಿದ್ದರೆ? ಒಮ್ಮೆ ನನಗೆ ಹಾಗಾಯಿತು. ಆ ಕೆಲಸ ಬಿಟ್ಟೆ. ನಿಮಗೂ ಅದನ್ನೇ ಹೇಳುತ್ತೇನೆ.

ಈ ವಾರವೇ ಶುರುಮಾಡಬಹುದಾದದ್ದು ಬೋರ್‌ವೆಲ್. ಕ್ವಾರಿ ಸುತ್ತಲಿನ ಒಂದೊಂದು ಬೋರಿನ ನೀರಿನ ಮಟ್ಟವನ್ನು ರೈತರ ಕೈಯಲ್ಲೇ ಟೇಪ್ ಕೊಟ್ಟು ಅಳೆಸಿ. ಎಷ್ಟು ಅಡಿಗೆ ನೀರಿದೆ, ಯಾವ ತಾರೀಖು ಅನ್ನುವುದನ್ನು ಪಂಪ್‌ಹೌಸ್ ಗೋಡೆ ಮೇಲೆ ಪೇಂಟಿನಲ್ಲಿ ಬರೆಸಿ, ಅದೇ ಅಂಕಿ ನಿಮ್ಮ ವರದಿಗೂ ಹೋಗಲಿ. ನಾಳೆ ನೀರು ಇಳಿದರೆ ಅವರ ಹತ್ತಿರವೂ ಒಂದು ಲೆಕ್ಕ ಇರುತ್ತದೆ.