ತೆರಿಗೆ ಪ್ರಶ್ನೋತ್ತರ: ಕ್ಯೂರಿಂಗ್ ಮಾಡಿಸಿದ ಕಾಫಿ ಕೃಷಿ ಆದಾಯವೇ?

ಪ್ರಶ್ನೆ: ಸೇನೆಯಿಂದ ನಿವೃತ್ತನಾದ ಮೇಲೆ ನಾಪೋಕ್ಲು ಸಮೀಪದ ನಮ್ಮ ಕಾಫಿ ತೋಟವನ್ನು ನೋಡಿಕೊಳ್ಳುತ್ತಿದ್ದೇನೆ. ಇದುವರೆಗೆ ಅರೇಬಿಕಾವನ್ನು ಪಲ್ಪ್ ಮಾಡಿ (ಹಣ್ಣಿನ ಹೊರಸಿಪ್ಪೆ ಕಳಚಿ) ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಸಹಿತದ ಬೀಜ, ಆಗಿಯೂ ರೊಬಸ್ಟಾವನ್ನು ಕಣದಲ್ಲಿ ಇಡೀ ಹಣ್ಣಾಗಿಯೇ ಒಣಗಿಸಿ ಚೆರ್ರಿಯಾಗಿಯೂ ಮಾರುತ್ತಿದ್ದೆ. ಇನ್ನು ಮುಂದೆ ಕ್ಯೂರಿಂಗ್ ಮಾಡಿಸಿ, ಅಂದರೆ ಯಂತ್ರದಲ್ಲಿ ಒಣಸಿಪ್ಪೆ ತೆಗೆಸಿ ಬೀಜವಾಗಿ, ಮಾರಬೇಕೆಂದಿದ್ದೇನೆ. ಹಾಗೆ ಮಾಡಿದರೆ ಕೇಂದ್ರಕ್ಕೆ ಆದಾಯ ತೆರಿಗೆ ಕಟ್ಟಬೇಕಾಗುತ್ತದೆ ಎಂದು ನೆರೆಯ ಬೆಳೆಗಾರರು ಹೇಳುತ್ತಾರೆ. ಕೃಷಿಗೆ ತೆರಿಗೆ ಇಲ್ಲವೆಂದ ಮೇಲೆ ಇದು ಹೇಗೆ?

ಉತ್ತರ: ಮಾನ್ಯರೆ, ನಿಮ್ಮ ನೆರೆಯವರ ಮಾತು ಕಾಲು ಪಾಲು ಸರಿ. ಆದಾಯ ತೆರಿಗೆ ನಿಯಮಾವಳಿಯ 7ಬಿ ನಿಯಮ 2002ರ ಏಪ್ರಿಲ್‌ನಿಂದ ಜಾರಿಯಲ್ಲಿದ್ದು, ತಾನೇ ಬೆಳೆದು ಕ್ಯೂರಿಂಗ್ ಮಾಡಿಸಿ ಮಾರಿದ ಕಾಫಿಯ ನಿವ್ವಳ ಆದಾಯದಲ್ಲಿ ಶೇ 25ನ್ನು ವ್ಯಾಪಾರದ ಆದಾಯವೆಂದೂ ಉಳಿದ ಶೇ 75ನ್ನು ಕೃಷಿ ಆದಾಯವೆಂದೂ ಪರಿಗಣಿಸುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ, ಚಿಕೋರಿ ಬೆರೆಸಲಿ ಬಿಡಲಿ, ವ್ಯಾಪಾರದ ಪಾಲು ಶೇ 40ಕ್ಕೆ ಏರುತ್ತದೆ.

ಇಲ್ಲಿ ಕ್ಯೂರಿಂಗ್ ಎಂಬ ಪದಕ್ಕೆ 1942ರ ಕಾಫಿ ಕಾಯ್ದೆಯ ಅರ್ಥವನ್ನೇ ಇಟ್ಟುಕೊಳ್ಳಲಾಗಿದೆ: ಹಸಿ ಕಾಫಿಯನ್ನು ಮಾರುಕಟ್ಟೆಗೆ ಸಿದ್ಧಗೊಳಿಸಲು ನಡೆಸುವ, ಪಲ್ಪಿಂಗ್ ಹೊರತಾದ ಯಾಂತ್ರಿಕ ಕ್ರಿಯೆ. ಆದ್ದರಿಂದ ನಿಮ್ಮ ಪಲ್ಪರ್ ಎಷ್ಟೇ ದೊಡ್ಡದಾಗಿದ್ದರೂ ಪಾರ್ಚ್‌ಮೆಂಟ್ ಮಾರಾಟಕ್ಕೆ ಈ ನಿಯಮ ತಾಗುವುದಿಲ್ಲ. ಕಣದಲ್ಲಿ ಬಿಸಿಲಿಗೆ ಒಣಗಿದ ಚೆರ್ರಿಗೂ ಇಲ್ಲ. ಆದರೆ ತೋಟದಲ್ಲೇ ಹಲ್ಲರ್ ಇಟ್ಟು ಸಿಪ್ಪೆ ತೆಗೆದು ಬೇಳೆ ಮಾರಿದರೆ, ಕ್ಯೂರಿಂಗ್ ವರ್ಕ್ಸ್‌ನ ಮುಖ ನೋಡದಿದ್ದರೂ, ನಿಯಮದೊಳಕ್ಕೆ ಬಂದಂತೆಯೇ. ಇದನ್ನು ಬಹಳಷ್ಟು ಬೆಳೆಗಾರರು ಗಮನಿಸುವುದಿಲ್ಲ.

ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ರಾಜ್ಯಗಳಿಗೆ ಕೊಟ್ಟಿರುವುದು ನಿಜ. ಆದರೆ ಕೃಷಿ ಆದಾಯ ಎಂದರೇನೆಂಬುದನ್ನು ಆದಾಯ ತೆರಿಗೆ ಕಾನೂನು ಹೇಳಿದಂತೆ ತಿಳಿಯಬೇಕೆಂದು 366ನೇ ವಿಧಿ ಸೂಚಿಸುತ್ತದೆ. ಬೇಲಿ ರಾಜ್ಯದ್ದು, ಅಳತೆಗೋಲು ಕೇಂದ್ರದ್ದು. ಚಹಾಕ್ಕೆ ಶೇ 40, ರಬ್ಬರಿಗೆ ಶೇ 35 ಎಂದಿರುವಾಗ ಕಾಫಿಗೆ ಶೇ 25 ಅನ್ಯಾಯವೆಂದು ನನಗೆ ತೋರುವುದಿಲ್ಲ. ನಿಮ್ಮಂಥವರಿಗೆ ಪೆಟ್ಟು ಬೀಳುವುದು ಬೇರೆ ಕಡೆ.

ಕೃಷಿ ಆದಾಯ 5,000 ರೂಪಾಯಿ ಮೀರಿ, ಇತರ ಆದಾಯವೂ ವಿನಾಯಿತಿ ಮಿತಿಯನ್ನು ದಾಟಿದ್ದರೆ, ತೆರಿಗೆಯ ದರ ನಿರ್ಧರಿಸಲು ಮಾತ್ರ ಎರಡನ್ನೂ ಕೂಡಿಸಲಾಗುತ್ತದೆ. ಉದಾಹರಣೆಗೆ, ನಿಮ್ಮ ಪಿಂಚಣಿ 8.75 ಲಕ್ಷ ಎಂದಿರಲಿ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ರೂಪಾಯಿ ಕಳೆದರೆ 8 ಲಕ್ಷ. ಕ್ಯೂರಿಂಗ್ ಮಾಡಿಸಿದ ಕಾಫಿಯ ನಿವ್ವಳ ಆದಾಯ 10 ಲಕ್ಷವಾದರೆ ಅದರಲ್ಲಿ 2.5 ಲಕ್ಷ ವ್ಯಾಪಾರಕ್ಕೆ ಸೇರಿ, ತೆರಿಗೆಗೆ ಒಳಪಡುವ ಮೊತ್ತ 10.5 ಲಕ್ಷವಾಗುತ್ತದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲವೆಂದು ನಿಶ್ಚಿಂತರಾಗಬೇಡಿ. 2025-26ರ ದರದಲ್ಲಿ, ಕೃಷಿಯ ಪಾಲಾದ 7.5 ಲಕ್ಷವನ್ನೂ ಕೂಡಿಸಿದ 18 ಲಕ್ಷಕ್ಕೆ ತೆರಿಗೆ 1,60,000, ಕೃಷಿಯ 7.5 ಲಕ್ಷಕ್ಕೆ ಮೂಲ ವಿನಾಯಿತಿಯ 4 ಲಕ್ಷ ಸೇರಿಸಿದ 11.5 ಲಕ್ಷಕ್ಕೆ 55,000. ಇವೆರಡರ ವ್ಯತ್ಯಾಸವಾದ 1,05,000ದಲ್ಲಿ, 12 ಲಕ್ಷದವರೆಗಿನವರಿಗೆ ಸಿಗುವ 60,000 ರಿಯಾಯಿತಿ ಕಳೆದು ಶೇ 4ರ ಸೆಸ್ ಸೇರಿಸಿದರೆ 46,800 ರೂಪಾಯಿ ಕಟ್ಟಬೇಕು. ಅದೇ 10 ಲಕ್ಷ ಚೆರ್ರಿ, ಪಾರ್ಚ್‌ಮೆಂಟ್ ಮಾರಾಟದಿಂದಲೇ ಬಂದಿದ್ದರೆ ತೆರಿಗೆ 10,400 ಮಾತ್ರ. ಅಂದರೆ ಕ್ಯೂರಿಂಗ್ ಖರ್ಚು ಕಳೆದ ಮೇಲೆ ಕೈಗೆ ಸಿಗುವ ಹೆಚ್ಚುವರಿ ಲಾಭ ಈ 36,400ನ್ನು ಚೆನ್ನಾಗಿಯೇ ಮೀರುವಂತಿದ್ದರೆ ಮಾತ್ರ ನಿಮ್ಮ ಯೋಜನೆಗೆ ಅರ್ಥವಿದೆ. ಔಟ್‌ಟರ್ನ್ (ಕ್ಯೂರಿಂಗ್ ನಂತರ ಸಿಗುವ ಬೀಜದ ಪ್ರಮಾಣ) ಕಡಿಮೆ ಬರುವ ವರ್ಷ ಅದು ಮೀರದೆಯೂ ಇರಬಹುದು.

ಸತ್ತ ಅಥವಾ ನಿರುಪಯುಕ್ತವಾದ ಗಿಡಗಳ ಜಾಗದಲ್ಲಿ ಮರುನಾಟಿ ಮಾಡಿದ ವೆಚ್ಚವನ್ನು, ಆ ಜಾಗ ಪಾಳು ಬಿಟ್ಟದ್ದಾಗಿರದಿದ್ದರೆ, ಇದೇ ನಿಯಮದಡಿ ಆದಾಯದಿಂದ ಕಳೆಯಬಹುದು. ಕಾಫಿ ಮಂಡಳಿಯಿಂದ ಸಿಕ್ಕ ತೆರಿಗೆರಹಿತ ಸಹಾಯಧನವನ್ನು ಈ ವೆಚ್ಚದಲ್ಲಿ ತಗ್ಗಿಸಿ ತೋರಿಸಬೇಕಾಗಿಯೂ ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬರುವುದರಿಂದ, ಅಲ್ಲಿಂದಾಚೆಗಿನ ಲೆಕ್ಕಕ್ಕೆ ಹಳೆಯ ಸಂಖ್ಯೆಗಳನ್ನು ನಂಬಿ ಅರ್ಜಿ ತುಂಬಬೇಡಿ.

ಪ್ರಶ್ನೆ: ಕಾಫಿ ತೋಟದ ನೆರಳು ಮರಗಳಿಗೆ ಹಬ್ಬಿಸಿರುವ ಕಾಳುಮೆಣಸನ್ನು ಒಣಗಿಸಿ ಮಾರುತ್ತೇನೆ. ಅದಕ್ಕೂ 7ಬಿ ಅನ್ವಯವೇ? ಜಿಎಸ್‌ಟಿ ಕಟ್ಟಬೇಕೇ?

ಉತ್ತರ: ಎರಡೂ ಇಲ್ಲ. 7ಬಿ ಕಾಫಿಗಷ್ಟೇ ಸೀಮಿತ. ಮೆಣಸನ್ನು ಒಣಗಿಸುವುದು ಬೆಳೆಗಾರ ಸಾಮಾನ್ಯವಾಗಿ ಮಾರುಕಟ್ಟೆಗಾಗಿ ಮಾಡುವ ಕೆಲಸವಾದ್ದರಿಂದ ಅದರ ಆದಾಯ ಪೂರ್ತಿ ಕೃಷಿಯದು. ಬೆಳೆಗಾರನೇ ಮಾರುವ ಮೆಣಸು ಹಸಿಯಾಗಿದ್ದರೂ ಒಣಗಿದ್ದರೂ ಜಿಎಸ್‌ಟಿ ಇಲ್ಲವೆಂದು 2024ರ ಡಿಸೆಂಬರ್‌ನ ಜಿಎಸ್‌ಟಿ ಮಂಡಳಿ ಸಭೆ ಸ್ಪಷ್ಟಪಡಿಸಿತು. ಆದರೆ ಪಕ್ಕದ ತೋಟದ ಮೆಣಸನ್ನು ಕೊಂಡು ನಿಮ್ಮದರ ಜೊತೆ ಮಾರಿದರೆ, ಅಷ್ಟರ ಮಟ್ಟಿಗೆ ನೀವು ವ್ಯಾಪಾರಿ. ಅದರ ಚೀಲಗಳನ್ನೂ ರಸೀದಿಗಳನ್ನೂ ಬೇರೆಯಾಗಿಯೇ ಇಡಿ.