ಫೋನಿನ ಮುಂದೆ ಕೂತ ಕೋಡ್

ಶಹಾಪುರದ ಗೆಳೆಯರಿಗೆ,

ನಿಮ್ಮ ‘ಪೈಥಾನ್‌ನಲ್ಲಿ ಅಸಿಂಕ್’ ಲೇಖನ ಓದಿದೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದರ ಉತ್ತರಕ್ಕೆ ಕಾಯುತ್ತಲೇ ಬೇರೆ ಕೆಲಸ ನಡೆಸುವ ರೀತಿಯೇ ಅಸಿಂಕ್. ನಿಮ್ಮ ಬರವಣಿಗೆ ಸರಳವಾಗಿದೆ. ಯಾದಗಿರಿ, ಬೀದರ್ ಸೇರಿ 20 ಮಾರುಕಟ್ಟೆಗಳ ತೊಗರಿ ದರವನ್ನು ಒಟ್ಟಿಗೆ ತರಿಸುವ ಉದಾಹರಣೆ ನಮ್ಮ ಕಡೆಯದೇ. ಸಂತೋಷ. ಇನ್ನು ಜಗಳಕ್ಕೆ ಬರೋಣ.

ಎರಡನೇ ಪುಟ. ಫಂಕ್ಷನ್ (ಹೆಸರಿಟ್ಟ ಕೋಡ್ ತುಂಡು) ಶುರುವಿಗೆ ‘ಅಸಿಂಕ್ ಡೆಫ್ ಎಂದು ಬರೆದರೆ ಸಾಕು, ಕೋಡ್ ತಾನಾಗಿಯೇ ವೇಗ ಪಡೆಯುತ್ತದೆ’ ಅಂತೀರಿ. ಎರಡೇ ಸಾಲು ಕೆಳಗೆ, ಅದೇ ಫಂಕ್ಷನ್ ಒಳಗೆ, ವೆಬ್ ವಿಳಾಸದಿಂದ ಮಾಹಿತಿ ತರುವ ರಿಕ್ವೆಸ್ಟ್ಸ್ ಲೈಬ್ರರಿಯ ಗೆಟ್ ಬಳಸಿದ್ದೀರಿ. ಅಸಿಂಕ್, ಅವೇಟ್ (‘ಇದರ ಉತ್ತರಕ್ಕೆ ಕಾಯಿ’ ಅನ್ನುವ ಪದ) ಬಂದದ್ದು 2015ರಲ್ಲಿ, ಪೈಥಾನ್ 3.5ರ ಜೊತೆ. ರಿಕ್ವೆಸ್ಟ್ಸ್ ಅದಕ್ಕಿಂತ ಹಳೆಯದು, ಯಾವ ಕೆಲಸದ ಸರದಿ ಅಂತ ನೋಡಿಕೊಳ್ಳುವ ಈವೆಂಟ್ ಲೂಪಿನ ಗೊಡವೆಯೇ ಅದಕ್ಕಿಲ್ಲ. ಉತ್ತರ ಬರುವ ತನಕ ಇಡೀ ಲೂಪನ್ನು ಹಿಡಿದು ನಿಲ್ಲಿಸುತ್ತದೆ. ಒಂದಕ್ಕೆ 1 ಸೆಕೆಂಡ್ ಅಂದರೂ 20ಕ್ಕೆ 20 ಸೆಕೆಂಡ್. ಗಡಿಯಾರ ಇಟ್ಟು ಓಡಿಸಿ ನೋಡಿದ್ರಾ? ನೋಡಿಲ್ಲ ಅಂತ ನನ್ನ ಅನುಮಾನ. ಲೂಪನ್ನು ನಿಲ್ಲಿಸದೆ ದರ ತರುವ ಲೈಬ್ರರಿ ಎಐಒ‌ಎಚ್‌ಟಿಟಿಪಿ ತಗೊಳ್ಳಿ, ಇಪ್ಪತ್ತನ್ನೂ ಒಟ್ಟಿಗೆ ಓಡಿಸುವ ಗ್ಯಾದರ್‌ಗೆ ಕೊಡಿ. ಫಾರ್ ಲೂಪಿನೊಳಗೆ ಒಂದೊಂದಕ್ಕೂ ಅವೇಟ್ ಹಾಕಿದರೆ ಮತ್ತೆ ಒಂದರ ಹಿಂದೊಂದೇ.

ಈ ಸಾಲು ನನಗೆ ಇಷ್ಟು ಚುಚ್ಚಿದ್ದಕ್ಕೆ ಕಾರಣವಿದೆ. ನಾನು ಕಲಬುರಗಿಯಲ್ಲಿ ಒಂದು ಪತ್ರಿಕೆಗೆ ಸೇರಿದಾಗ ಬೀದರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಬುಕ್ ಮಾಡಿ ಫೋನ್ ಇಟ್ಟರೆ, ಲೈನ್ ಸಿಕ್ಕಾಗ ಎಕ್ಸ್‌ಚೇಂಜಿನವರೇ ತಿರುಗಿ ಫೋನ್ ಮಾಡುತ್ತಿದ್ದರು. ಮೊದಲ ದಿನ ನಾನು ಒಂದು ಗಂಟೆ ಫೋನನ್ನೇ ನೋಡುತ್ತಾ ಕೂತೆ. ಹಿರಿಯ ಉಪಸಂಪಾದಕರು ಗದರಿದರು: ‘ಏ ತಮ್ಮಾ, ಅದರ ಮುಂದ ಕುಂತ್ರ ಲೈನ್ ಲಗೂ ಸಿಗತದೇನು? ಹೋಗಿ ಪ್ರೂಫ್ ನೋಡು.’ ಕಾಲ್‌ಬ್ಯಾಕ್ ಅಂದ್ರೆ ಏನಂತ ನಾನು ಕಲಿತದ್ದು ಅವತ್ತೇ, ಕಂಪ್ಯೂಟರ್ ಕಣ್ಣಿಗೆ ಬೀಳುವ ಮುಂಚೆ. ನಿಮ್ಮ ಕೋಡ್ ಆ ಮೊದಲ ದಿನದ ನಾನು.

ನಾಲ್ಕನೇ ಪುಟದ ಕೊನೆ ಸಾಲು: ‘ಕೆಲಸ ಮುಗಿದಾಗ ಕಾಲ್‌ಬ್ಯಾಕ್‌ಗೆ ದರ ಬಂದು ತಲುಪುತ್ತದೆ.’ ಇಲ್ಲ ಮಾರಾಯ್ರೆ. ಕಾಲ್‌ಬ್ಯಾಕ್ ನೋಂದಾಯಿಸುವ ಆಡ್ ಡನ್ ಕಾಲ್‌ಬ್ಯಾಕ್‌ಗೆ ಕೊಟ್ಟ ಫಂಕ್ಷನ್ನಿಗೆ ಸಿಗುವುದು ಆ ಟಾಸ್ಕ್, ಅಂದರೆ ಮುಗಿದ ಕೆಲಸದ ಲಕೋಟೆ ಮಾತ್ರ. ಒಳಗೇನಿದೆ ಅಂತ ರಿಸಲ್ಟ್ ಕರೆದು ಕೇಳಬೇಕು. ಆಗ ದರ ಸಿಗಬಹುದು, ಇಲ್ಲಾ ಗಡುವು ಮೀರಿದ ಟೈಮ್‌ಔಟ್ ಎರರ್ ಏಳಬಹುದು. ಎಕ್ಸ್‌ಚೇಂಜಿನವರೂ ಎಷ್ಟೋ ಸಲ ಫೋನ್ ಮಾಡಿ ‘ಬೀದರ್ ಲೈನ್ ಕೆಟ್ಟದ’ ಅಂತಲೇ ಹೇಳುತ್ತಿದ್ದರು. ಆ ಮಾತಿಗೆ ನಿಮ್ಮ ಲೇಖನದಲ್ಲಿ ಜಾಗವೇ ಇಲ್ಲ. ಟೈಮ್‌ಔಟ್ ಹೇಳದೆ ಸುಮ್ನೆ ಬಿಟ್ಟರೆ ಎಐಒ‌ಎಚ್‌ಟಿಟಿಪಿ 5 ನಿಮಿಷದ ತನಕ ಕಾಯುತ್ತದೆ, ಅದೂ ನೆನಪಿರಲಿ.

ಉಳಿದ ಪುಟಗಳ ಬಗ್ಗೆ ಈಗ ಮಾತು ಬೇಡ. ಇವೆರಡನ್ನು ತಿದ್ದಿ. ಒಂದು ಮಾರುಕಟ್ಟೆಯ ವಿಳಾಸವನ್ನು ಬೇಕಂತಲೇ ತಪ್ಪು ಕೊಟ್ಟು ಓಡಿಸಿ. ಏನಾಯಿತು, ಎಷ್ಟು ಸೆಕೆಂಡ್ ಹಿಡಿಯಿತು, ಬರೆದು ಕಳಿಸಿ.